ತಲೆಸ್ನಾನದ ದಿನ ಮಾತ್ರ ಬರುವ ಫಿಟ್ಸ್: ಒಪಿಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆ

ಮೂರ್ಛೆರೋಗದ ಒಪಿಡಿಯಲ್ಲಿ ರೋಗಿಯನ್ನು ಡಾಕ್ಟರ ಕೋಣೆಗೆ ಕಳಿಸುವ ಮೊದಲು ಫೈಲಿಗೆ ವಿವರ ತುಂಬುವುದು ನರ್ಸ್‌ಗಳಾದ ನಮ್ಮ ಕೆಲಸ. ಹೊಸದಾಗಿ ಬಂದವರು ‘ಎಷ್ಟು ಸಲ ಬಂತು, ಎಷ್ಟು ಹೊತ್ತಿತ್ತು, ನಾಲಿಗೆ ಕಚ್ಚಿಕೊಂಡರಾ’ ಎಂದು ಕೇಳಿ ಮುಗಿಸುತ್ತಾರೆ. ಹಳೇ ಮೈಸೂರಿನ ಕಡೆ ಕೆಲಸ ಮಾಡುವವರು ಇನ್ನೊಂದನ್ನು ಕೇಳಲೇಬೇಕು: ಆಗ ತಲೆಗೆ ಬಿಸಿನೀರು ಹಾಕ್ಕೊಳ್ತಿದ್ರಾ?

ಬಿಸಿನೀರಿನ ಮೂರ್ಛೆ ಎಂದು ಕರೆಯುವ ಈ ಕಾಯಿಲೆ ಮೊದಲು ವರದಿಯಾದದ್ದು 1945ರಲ್ಲಿ, ನ್ಯೂಜಿಲೆಂಡಿನಿಂದ. ಆದರೆ ಹೆಚ್ಚು ಕಂಡಿರುವುದು ನಮ್ಮ ಕಡೆಯೇ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಇದರ ಬಗ್ಗೆ ಮೊದಲೇ ಬರೆದಿದ್ದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿದರು. ಯಳಂದೂರಿನ ಸಮೀಕ್ಷೆಯಲ್ಲಿ ಲಕ್ಷ ಜನಕ್ಕೆ 255 ಮಂದಿಯಲ್ಲಿ ಸಿಕ್ಕಿತು. ಬಿಸಿನೀರು ಬಳಸುವವರು ಎಲ್ಲೆಲ್ಲೂ ಇದ್ದಾರೆ, ವ್ಯತ್ಯಾಸ ಸುರಿದುಕೊಳ್ಳುವ ರೀತಿಯಲ್ಲಿದೆ. ನಾವು ಮಾಡುವುದು ಚೊಂಬಿನಿಂದ ಮೊಗೆದು ನೆತ್ತಿಗೆ ಒಂದರ ಹಿಂದೊಂದು ಬಿಡದೆ ಸುರಿದುಕೊಳ್ಳುವುದು. ವರದಿಯಾದ ಪ್ರಕರಣಗಳಲ್ಲಿ ನೀರಿನ ಬಿಸಿ ಹೆಚ್ಚಾಗಿ 40ರಿಂದ 50 ಡಿಗ್ರಿ.

ರೋಗಿ ತಾನಾಗಿ ಇದನ್ನು ಹೇಳುವುದಿಲ್ಲ. ಬಚ್ಚಲಿಗೂ ಫಿಟ್ಸಿಗೂ ಸಂಬಂಧ ಇರಬಹುದೆಂದು ಮನೆಯವರಿಗೆ ಹೊಳೆದೇ ಇರುವುದಿಲ್ಲ. ಹೆಣ್ಣುಮಕ್ಕಳಲ್ಲಿ ತಲೆಸ್ನಾನ ವಾರಕ್ಕೊಂದೋ ಎರಡೋ ಸಲ, ಹೆಚ್ಚಾಗಿ ಶುಕ್ರವಾರ. ಹಾಗಾಗಿ ಫಿಟ್ಸೂ ಶುಕ್ರವಾರವೇ ಬರುತ್ತದೆ, ವಿಷಯ ದೇವರ ಮೇಲೋ ಗಾಳಿಯ ಮೇಲೋ ಹೋಗುತ್ತದೆ. ‘ವಾರ ಹಿಡಿದು ಬರುತ್ತೆ’ ಎಂದು ಯಾರಾದರೂ ಹೇಳಿದರೆ ಮುಂದಿನ ಪ್ರಶ್ನೆ ತಲೆಸ್ನಾನ ಯಾವ ವಾರ ಎಂಬುದೇ ಆಗಬೇಕು.

ಇನ್ನೊಂದು ತೊಡಕೆಂದರೆ ಎಲ್ಲರೂ ಬಿದ್ದು ಒದ್ದಾಡುವುದಿಲ್ಲ. ಹೆಚ್ಚಿನವರಲ್ಲಿ ಇದು ಮಿದುಳಿನ ಒಂದು ಭಾಗದಲ್ಲಿ ಶುರುವಾಗುವ ಫಿಟ್ಸ್. ನೀರು ಹಾಕಿಕೊಳ್ಳುತ್ತಿದ್ದವರು ಮಂಕಾಗಿ ಒಂದೇ ಕಡೆ ನೋಡುತ್ತಾರೆ, ಸಂಬಂಧವಿಲ್ಲದ ಮಾತಾಡುತ್ತಾರೆ, ಹೆದರುತ್ತಾರೆ, ಕೈ ಸುಮ್ಮನೆ ಏನನ್ನೋ ತಡಕಾಡುತ್ತದೆ. ಕೆಲವರಲ್ಲಿ ಅದೇ ಮುಂದುವರಿದು ಇಡೀ ಮೈ ಸೆಟೆದು ಅದುರುತ್ತದೆ. ಮಕ್ಕಳ ವಿಷಯದಲ್ಲಿ ನೀರು ಹಾಕುವ ತಾಯಿಯೋ ಅಜ್ಜಿಯೋ ಕಣ್ಣಾರೆ ಕಂಡಿರುತ್ತಾರೆ, ಅವರನ್ನೇ ಕೂರಿಸಿಕೊಂಡು ಕೇಳಿ. ‘ಸಾಕು ಬಾ ಅಂದ್ರೂ ಕೇಳಲ್ಲ, ಸುರ್ಕೊಳ್ತಾನೇ ಇರ್ತಾನೆ’ ಎಂಬ ದೂರು ಬಂದರೆ ಹಠ ಎಂದುಕೊಂಡು ಬಿಡಬೇಡಿ. ಫಿಟ್ಸ್ ಶುರುವಾಗುವಾಗ ಕೆಲವರಿಗೆ ಒಂಥರಾ ಹಿತ ಅನಿಸುತ್ತದೆ, ಇನ್ನಷ್ಟು ಬಿಸಿನೀರು ಬೇಕೆನಿಸುತ್ತದೆ. ಅದನ್ನೂ ಫೈಲಿನಲ್ಲಿ ಬರೆಯಿರಿ.

ಬಚ್ಚಲಲ್ಲಿ ಎಚ್ಚರ ತಪ್ಪಿದ್ದೆಲ್ಲ ಇದೇ ಅಲ್ಲ. ನೀರು ಕಾಯಿಸುವುದು ಹೇಗೆ ಎಂಬ ಪ್ರಶ್ನೆ ಇಲ್ಲಿ ಜೀವ ಉಳಿಸುತ್ತದೆ. ಕಿಟಕಿ ಮುಚ್ಚಿದ ಬಚ್ಚಲೊಳಗೆ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆಗೆ ನೀರು ಬೀಳದಿದ್ದರೂ ಆ ಮನುಷ್ಯ ಬೀಳುತ್ತಾನೆ, ಅದುರಲೂಬಹುದು. ಎದ್ದ ಮೇಲೆ ತಲೆನೋವು, ವಾಂತಿ. ಅದೇ ಬಚ್ಚಲಿಗೆ ಹೋದ ಇನ್ನೊಬ್ಬರಿಗೂ ತಲೆಸುತ್ತು ಬಂದಿದ್ದರೆ ಅನುಮಾನ ಬಲವಾಗುತ್ತದೆ. ಇಂಥವರಿಗೆ ಬೆರಳಿನ ಪಲ್ಸ್ ಆಕ್ಸಿಮೀಟರ್ 98 ತೋರಿಸಿದರೂ ನಂಬಬಾರದು, ವಿಷಗಾಳಿ ಹಿಡಿದ ರಕ್ತವನ್ನೂ ಅದು ಆಮ್ಲಜನಕವೆಂದೇ ಓದುತ್ತದೆ. ಇವರಿಗೆ ಬೇಕಾದ್ದು ಆಮ್ಲಜನಕ, ಮನೆಗೆ ಬೇಕಾದ್ದು ಗೀಸರನ್ನು ಬಚ್ಚಲಿನ ಹೊರಗೆ ಹಾಕಿಸುವುದು. ಫಿಟ್ಸ್ ಮಾತ್ರೆ ಬರೆಸಿಕೊಂಡು ಅದೇ ಬಚ್ಚಲಿಗೆ ವಾಪಸ್ ಹೋದರೆ ಮತ್ತೆ ಅದೇ ಆಗುತ್ತದೆ. ಮತ್ತೆ ಕೆಲವರಿಗೆ ಬಿಸಿನೀರಿನಲ್ಲಿ ರಕ್ತನಾಳ ಹಿಗ್ಗಿ, ಎದ್ದು ನಿಂತಾಗ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಮುಖ ಬಿಳಿಚಿಕೊಳ್ಳುತ್ತದೆ, ಮಲಗಿಸಿದ ಕೂಡಲೇ ಸರಿಹೋಗಿ ನೆಟ್ಟಗೆ ಮಾತಾಡುತ್ತಾರೆ. ಫಿಟ್ಸ್ ಆದವರಿಗೆ ಸುತ್ತ ಏನಾಗುತ್ತಿದೆ ಎಂದು ತಿಳಿಯಲು ಹೊತ್ತು ಬೇಕು.

ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ), ಎಂಆರ್‌ಐ ವರದಿ ಇಟ್ಟುಕೊಂಡು ‘ಎಲ್ಲಾ ನಾರ್ಮಲ್ ಅಂದ್ರು, ಮತ್ಯಾಕೆ ಮಾತ್ರೆ?’ ಎನ್ನುವವರು ಬಹಳ. ಬಿಸಿನೀರಿನ ಮೂರ್ಛೆಯಲ್ಲಿ ಫಿಟ್ಸ್ ಇಲ್ಲದಾಗ ತೆಗೆದ ಇಇಜಿ ಹೆಚ್ಚಿನವರಲ್ಲಿ ನಾರ್ಮಲ್ಲೇ ಬರುತ್ತದೆ. ಕಾಯಿಲೆ ಗೊತ್ತಾಗುವುದು ನೀವು ಬರೆದ ವಿವರದಿಂದ.

ಇನ್ನು ಸ್ನಾನ. ‘ಉಗುರು ಬೆಚ್ಚಗಿನ ನೀರು ಹಾಕಿಕೊಳ್ಳಿ’ ಎಂದಷ್ಟೇ ಹೇಳಿ ಕಳಿಸಿದರೆ ಏನೂ ಬದಲಾಗುವುದಿಲ್ಲ, ಏಕೆಂದರೆ ಪ್ರತಿಯೊಬ್ಬರೂ ತಮ್ಮ ನೀರು ಉಗುರು ಬೆಚ್ಚಗಿದೆ ಎಂದೇ ನಂಬಿರುತ್ತಾರೆ. ಅಂಕಿ ಕೊಡಿ: 37 ಡಿಗ್ರಿಯೊಳಗೆ. ಜ್ವರದ ಥರ್ಮಾಮೀಟರ್ ಇದಕ್ಕೆ ಆಗದು, ಅದರ ಅಳತೆ 42ಕ್ಕೆ ಮುಗಿಯುತ್ತದೆ, ಗಾಜಿನದಾದರೆ ಒಡೆದೂ ಹೋಗಬಹುದು. ನೀರಿಗೆ ಅದ್ದುವ ಥರ್ಮಾಮೀಟರ್ ಇಲ್ಲದಿದ್ದರೆ ಮೊಣಕೈ ಅದ್ದಿ ನೋಡಲಿ, ಬಿಸಿ ಎನಿಸಲೇಬಾರದು. ಬಿಸಿನೀರು ಮುಟ್ಟಿ ಅಭ್ಯಾಸವಾದ ಅಂಗೈ ಮೋಸ ಮಾಡುತ್ತದೆ. ಹೊರಗಿನಿಂದಲೇ ಬಕೆಟ್ಟಿಗೆ ತಣ್ಣೀರು ಬೆರೆಸಿ ತರಲಿ. ಹಂಡೆ ಪಕ್ಕದಲ್ಲಿದ್ದರೆ ಮೂರನೇ ಚೊಂಬಿಗೆ ಕೈ ಅಲ್ಲಿಗೇ ಹೋಗುತ್ತದೆ. ಸೋಲಾರ್ ನಲ್ಲಿಯಲ್ಲಿ ಮೊದಲು ತಣ್ಣೀರು ಬಂದು ಆಮೇಲೆ ಒಮ್ಮೆಲೇ ಸುಡುನೀರು ಬರುವುದರಿಂದ ಅದರಡಿ ನೇರವಾಗಿ ತಲೆಯೊಡ್ಡುವುದು ಬೇಡ.

ನೀರು ಮೊದಲು ಕಾಲಿಗೆ, ಆಮೇಲೆ ಮೈಗೆ, ತಲೆಗೆ ಕೊನೆಯಲ್ಲಿ. ಒಂದು ಚೊಂಬು, ಸ್ವಲ್ಪ ಬಿಡುವು, ಮತ್ತೊಂದು ಚೊಂಬು. ಅದೂ ತಡೆಯದವರಿಗೆ ಮೈಸ್ನಾನ ಬೇರೆ ಮಾಡಿಸಿ, ತಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು. ಸ್ಟೂಲಿನ ಮೇಲೆ ಕೂತು ಸ್ನಾನ, ಬಾಗಿಲಿಗೆ ಚಿಲಕವಿಲ್ಲ, ಮನೆಯವರೊಬ್ಬರು ಕರೆದರೆ ಕೇಳುವಷ್ಟು ಹತ್ತಿರ. ಹಳ್ಳಿ ಮನೆಯ ಬಚ್ಚಲ ಒಲೆ ಬೇರೆ ಅಪಾಯ: ಬೀಳುವವರು ಬೆಂಕಿಯ ಕಡೆಗೋ ಕುದಿಯುವ ಹಂಡೆಯ ಮೇಲೋ ಬಿದ್ದರೆ ಫಿಟ್ಸಿಗಿಂತ ಸುಟ್ಟ ಗಾಯವೇ ದೊಡ್ಡದಾಗುತ್ತದೆ.

ನೀರಿನ ಬಿಸಿ ಇಳಿಸಿದ್ದರಿಂದಲೇ ಎಷ್ಟೋ ಜನರಿಗೆ ನಿಲ್ಲುತ್ತದೆ. ನಿಲ್ಲದವರಿಗೆ ತಲೆಸ್ನಾನದ ದಿನ ಮಾತ್ರ ಕ್ಲೋಬಜಾಮ್ ಎಂಬ ಫಿಟ್ಸ್ ತಡೆಯುವ ಮಾತ್ರೆ ಕೊಡುವ ಕ್ರಮವಿದೆ. ವೈದ್ಯರು ವಯಸ್ಸು ತೂಕ ನೋಡಿ ಸಾಮಾನ್ಯವಾಗಿ 5 ಅಥವಾ 10 ಮಿಲಿಗ್ರಾಂ ಬರೆಯುತ್ತಾರೆ. ಸ್ನಾನಕ್ಕೆ ಒಂದೂವರೆಯಿಂದ ಎರಡು ಗಂಟೆ ಮೊದಲು ನುಂಗಬೇಕು. ಎಡವುವುದು ಇಲ್ಲೇ. ಮಾತ್ರೆ ನುಂಗಿ ಟವೆಲ್ ಹಿಡಿದು ನೇರ ಬಚ್ಚಲಿಗೆ ಹೋಗುತ್ತಾರೆ, ಫಿಟ್ಸ್ ಬರುತ್ತದೆ, ‘ಮಾತ್ರೆ ಹಿಡಿಸಲಿಲ್ಲ’ ಎಂದು ಬರುತ್ತಾರೆ. ಚೀಟಿಯಲ್ಲಿ ‘ಸ್ನಾನಕ್ಕೆ ಮೊದಲು’ ಎಂದು ಬರೆಯದೆ ಗಂಟೆಯನ್ನೇ ಬರೆಯಿರಿ: ಮಾತ್ರೆ 6ಕ್ಕೆ, ಸ್ನಾನ 8ಕ್ಕೆ. ಮಾತ್ರೆಯಿಂದ ಮಂಪರು ಬರುವುದುಂಟು, ಅವತ್ತು ಗಾಡಿ ಓಡಿಸುವಂತಿಲ್ಲ. ದಿನಾ ತಲೆಸ್ನಾನ ಮಾಡುವವರಿಗೆ ಈ ಕ್ರಮ ಒಗ್ಗದು, ರೋಜು ನುಂಗಿದರೆ ಕ್ಲೋಬಜಾಮಿನ ಶಕ್ತಿ ಕುಂದುತ್ತಾ ಬರಬಹುದು. ವಾರಕ್ಕೆ ಎಷ್ಟು ತಲೆಸ್ನಾನ ಎಂಬ ಲೆಕ್ಕ ಡಾಕ್ಟರಿಗೆ ಬೇಕಾಗುವುದು ಅದಕ್ಕೇ.

ಒಂದಷ್ಟು ಜನರಿಗೆ ಕಾಲ ಕಳೆದಂತೆ ಸ್ನಾನವಿಲ್ಲದಾಗಲೂ ಫಿಟ್ಸ್ ಶುರುವಾಗುತ್ತದೆ. ಪ್ರತಿ ಭೇಟಿಯಲ್ಲೂ ‘ಬಚ್ಚಲ ಹೊರಗೆ ಯಾವಾಗಲಾದರೂ ಬಂತಾ?’ ಎಂದು ಕೇಳಿ. ಬಂದಿದ್ದರೆ ದಿನಾ ನುಂಗುವ ಮಾತ್ರೆಯ ಮಾತು ಬರುತ್ತದೆ.

ಬಚ್ಚಲಲ್ಲೇ ಫಿಟ್ಸ್ ಬಂದರೆ ಮೊದಲು ನೀರು ನಿಲ್ಲಿಸಿ, ಬಕೆಟ್ ಸರಿಸಿ, ತಲೆಯಡಿ ಮಡಿಸಿದ ಟವೆಲ್ ಇಡಿ. ಅದುರುವಾಗ ಹಿಡಿದು ಅದುಮಬೇಡಿ. ಅದುರಾಟ ನಿಂತೊಡನೆ ಎಡಕ್ಕೆ ಹೊರಳಿಸಿ, ಬಾಯಿಯ ನೀರು ಹೊರಗೆ ಹರಿಯಲಿ. ಚಮಚ, ಬೆರಳು, ಬಾಯಿಗೆ ನೀರು ಯಾವುದೂ ಬೇಡ. ಬೀಗದ ಕೈ ಹಿಡಿಸುವುದರಿಂದ ನಿಲ್ಲುವುದಿಲ್ಲ, ಒಂದೆರಡು ನಿಮಿಷಕ್ಕೆ ಫಿಟ್ಸ್ ತಾನಾಗೇ ನಿಲ್ಲುವುದರಿಂದ ಕಬ್ಬಿಣಕ್ಕೆ ಹೆಸರು ಬಂದಿದೆ ಅಷ್ಟೆ. ಗಡಿಯಾರ ನೋಡಿ: 5 ನಿಮಿಷ ದಾಟಿದರೆ, ಎಚ್ಚರವಾಗುವ ಮೊದಲೇ ಮತ್ತೊಂದು ಬಂದರೆ 108ಕ್ಕೆ ಕರೆ ಮಾಡಿ. ಮುಖ ನೀರಿನಲ್ಲಿ ಮುಳುಗಿದ್ದರೆ, ಎದ್ದು ಚೆನ್ನಾಗಿ ಮಾತಾಡಿದರೂ ಆಸ್ಪತ್ರೆಗೆ ಕರೆತರಲಿ.

ಯುಗಾದಿ, ದೀಪಾವಳಿಗೆ ಮೊದಲಿನ ಭೇಟಿಯಲ್ಲಿ ಎಣ್ಣೆಸ್ನಾನದ ಮಾತು ತೆಗೆಯಿರಿ. ನೀರು ತುಂಬುವ ಹಬ್ಬದ ರಾತ್ರಿ ನಿದ್ದೆ ಕಡಿಮೆ, ಬೆಳಗಿನ ಜಾವ ಹಂಡೆ ಕುದಿಯುತ್ತಿರುತ್ತದೆ, ಎಣ್ಣೆ ಬಿಡಿಸಲು ಹತ್ತಾರು ಚೊಂಬು ನೀರು ಬೇಕು. ನಿದ್ದೆಗೇಡೊಂದೇ ಫಿಟ್ಸ್ ತರಿಸಲು ಸಾಕು. ನಾಲ್ಕೂವರೆಯ ಸ್ನಾನಕ್ಕೆ ಎರಡೂವರೆಗೆ ಎಬ್ಬಿಸಿ ಮಾತ್ರೆ ಕೊಡುವುದಕ್ಕಿಂತ ಆ ಒಬ್ಬರ ಸ್ನಾನವನ್ನು ಒಂಬತ್ತಕ್ಕೆ ಇಟ್ಟುಕೊಳ್ಳಲು ಮನೆಯ ಹಿರಿಯರನ್ನು ಒಪ್ಪಿಸಿ. ನೆತ್ತಿಗೆ ಒಂದು ಹನಿ ಎಣ್ಣೆ ಮುಟ್ಟಿಸಿದರೆ ಶಾಸ್ತ್ರಕ್ಕೆ ಸಾಕು ಎಂದರೆ ಅಜ್ಜಿಯರು ಸಾಮಾನ್ಯವಾಗಿ ಒಪ್ಪುತ್ತಾರೆ.