ಕೋಲ್ಕತಾಗೊಂದು ಪ್ರತಿ

ನಮ್ಮದು ಧಾರವಾಡದ ಪುಟ್ಟ ಪ್ರಕಾಶನ. ಹೊಸ ಪುಸ್ತಕದ ಬಂಡಲ್ ಬಿಚ್ಚಿದ ಕೂಡಲೇ ಒಂದು ಪ್ರತಿ ಪಕ್ಕಕ್ಕೆ ಎತ್ತಿಡುತ್ತೇನೆ. ಅದು ಕೋಲ್ಕತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ. "ಅಲ್ಲಿ ಕನ್ನಡ ಯಾರು ಓದ್ತಾರೆ ಮಾರಾಯ?" ಅಂತ ಗೆಳೆಯರು ನಗುತ್ತಾರೆ. ನಗಲಿ ಬಿಡಿ.

1954ರ ಕಾಯ್ದೆಯ ಪ್ರಕಾರ ಪುಸ್ತಕ ಹೊರಬಂದ 30 ದಿನದೊಳಗೆ, ನಮ್ಮದೇ ಖರ್ಚಿನಲ್ಲಿ, ಪ್ರತಿ ಕಳಿಸಬೇಕು. ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು. ಆದರೆ ಕೋಲ್ಕತಾದ್ದು ಮಾತ್ರ ನಾವು ಅಚ್ಚು ಹಾಕಿಸಿದ್ದರಲ್ಲೇ ಒಳ್ಳೆಯ ಕಾಗದದ್ದಾಗಿರಬೇಕು. ನಕಾಶೆಗಳಿದ್ದರೆ ಅವೂ ಇರಬೇಕು, ಹೊಲಿಗೆ ಗಟ್ಟಿಯಾಗಿರಬೇಕು. ಮೂಲೆ ಮಡಚಿ ಮಾರಾಟವಾಗದೆ ಉಳಿದದ್ದನ್ನು ಸುಮ್ನೆ ಸಾಗಹಾಕುವ ಹಾಗಿಲ್ಲ. ಈ ಷರತ್ತು ನನಗೆ ತುಂಬಾ ಇಷ್ಟ.

ಕಳಿಸದಿದ್ದರೆ? ಕಾಯ್ದೆ ಬರೆದಾಗ ಇಟ್ಟ ದಂಡ ಹೆಚ್ಚೆಂದರೆ 50 ರೂಪಾಯಿ, ಜೊತೆಗೆ ಪುಸ್ತಕದ ಬೆಲೆ. ನಮ್ಮೂರಲ್ಲಿ ಒಂದು ಪೇಢೆ ಡಬ್ಬಿಗೂ ಸಾಲದ ದುಡ್ಡು! ಅದಕ್ಕೇ ಎಷ್ಟೋ ಪ್ರಕಾಶಕರು ತಲೆ ಕೆಡಿಸಿಕೊಳ್ಳುವುದಿಲ್ಲ.

ನನ್ನ ಲೆಕ್ಕ ಬೇರೆ. ನಾವು ಹಾಕಿಸುವುದೇ ಕೆಲವು ನೂರು ಪ್ರತಿ. ಗೆದ್ದಲು, ಮಳೆ, ರದ್ದಿ ಅಂಗಡಿ ದಾಟಿ ಐವತ್ತು ವರ್ಷ ಉಳಿಯುವುದು ಎಷ್ಟು? ನಾಳೆ ನಮ್ಮ ಪ್ರಕಾಶನ ಮುಚ್ಚಿದರೂ ಆ ಗ್ರಂಥಾಲಯವಿರುವ ಬೆಲ್ವೆಡೆರ್ ಎಸ್ಟೇಟಿನಲ್ಲಿ ಒಂದು ಪ್ರತಿ ಇರುತ್ತದಲ್ವಾ? ಅಲ್ಲಿಗೆ ಬಂದ ಪುಸ್ತಕಗಳ ಆಧಾರದ ಮೇಲೆ 1958ರಿಂದ ರಾಷ್ಟ್ರೀಯ ಗ್ರಂಥಸೂಚಿಯೂ, ಅಂದರೆ ದೇಶದಲ್ಲಿ ಹೊರಬಂದ ಪುಸ್ತಕಗಳ ಪಟ್ಟಿಯೂ, ತಯಾರಾಗುತ್ತಿದೆ. ಅದರಲ್ಲಿ ಎಲ್ಲ ಭಾಷೆಯ ಪುಸ್ತಕಗಳ ಹೆಸರೂ ರೋಮನ್ ಲಿಪಿಯಲ್ಲಿ. ಬಂಗಾಳಿ, ತಮಿಳಿನ ನಡುವೆ ನಮ್ಮ ಜನಪದ ಹಾಡಿನ ಸಂಗ್ರಹಕ್ಕೂ ಜಾಗ.

ಒಂದೇ ಕೊರಗು. ಆ ಕಾಯ್ದೆ ಬರೆದದ್ದು ಅಚ್ಚಾದ ಪುಸ್ತಕಗಳಿಗೆ. ಈಗ ಇ-ಪುಸ್ತಕವಾಗಿ ಮಾತ್ರ ಬರುವ ಕನ್ನಡ ಜಾಸ್ತಿಯಾಗುತ್ತಿದೆ. ಅದನ್ನೂ ಸೇರಿಸಬೇಕು, ಬೇಗ.