ಅಕ್ಕಿ ಲೆಕ್ಕದ ಮಾವ

ಕಳೆದ ಆದಿತ್ಯವಾರ ಕಟಪಾಡಿಯಲ್ಲಿ ನಮ್ಮ ಮಾವನಿಗೆ ಸನ್ಮಾನ ಇತ್ತು ಮಾರಾಯ್ರೆ. ಹಾಲ್ ಎದುರು ದೊಡ್ಡ ಫ್ಲೆಕ್ಸು, ಅದರಲ್ಲಿ ಮಾವನ ಪಾಸ್‌ಪೋರ್ಟ್ ಫೋಟೋದ ಮುಖ, ಹಿಂದೆ ಟ್ಯಾಂಕು, ಮೇಲೆ ಫೈಟರ್ ವಿಮಾನ, ಕೆಳಗೆ ‘ಶತ್ರುಗಳ ಎದೆ ನಡುಗಿಸಿದ ವೀರಯೋಧ’. ಮಾವ ಕನ್ನಡಕ ಸರಿ ಮಾಡಿ ಎರಡು ಸಲ ಓದಿ, “ಎದೆ ನಡುಗ್ತಿದ್ದದ್ದು ನಮ್ಮ ಸ್ಟೋರ್‌ಮ್ಯಾನ್‌ಗಳದ್ದು, ಸ್ಟಾಕ್ ಚೆಕ್ ದಿವಸ” ಅಂದ್ರು.

ಸೇನೆಯಲ್ಲಿ ಮಾವ ಕೊನೆಗೆ ಇದ್ದದ್ದು ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ್ ಆಗಿ. ಅಂದ್ರೆ ಕ್ವಾರ್ಟರ್ಸ್ ನೋಡಿಕೊಳ್ಳುವವರು ಅಂತ ದೊಡ್ಡಮ್ಮ ಇವತ್ತಿಗೂ ನಂಬಿದ್ದಾರೆ. ಮದುವೆಮನೆಯ ಉಗ್ರಾಣ ಉಂಟಲ್ಲ, ಅದರ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ತೆಂಗಿನಕಾಯಿ ಎಷ್ಟು ಹೋಯ್ತು ಬೆಲ್ಲ ಎಷ್ಟು ಉಳೀತು ಅಂತ ಬೊಬ್ಬೆ ಹಾಕುವವರು ಒಬ್ಬರು ಇರ್ತಾರಲ್ಲ, ಹೆಚ್ಚುಕಮ್ಮಿ ಅದೇ ಕೆಲಸ, ಆದ್ರೆ ಅಕ್ಕಿ ಬೇಳೆ ಮಾತ್ರ ಅಲ್ಲ, ಬೂಟು ಕಂಬಳಿ ಟೆಂಟು ಸೀಮೆಎಣ್ಣೆ ಎಲ್ಲ. ರೇಷನ್ ಬರುದು ಆರ್ಮಿ ಸರ್ವಿಸ್ ಕೋರ್‌ನಿಂದ, ಬಟ್ಟೆಬರೆ ಮದ್ದುಗುಂಡು ಆರ್ಡ್ನೆನ್ಸ್‌ನಿಂದ, ಅವರಿಗೆ ಬೇಕಾದ್ದರ ಪಟ್ಟಿ, ಅಂದ್ರೆ ಇಂಡೆಂಟ್ ಹಾಕಿ, ತಂದು, ಲೆಡ್ಜರಿಗೆ ಹತ್ತಿಸಿ, ಸೈನ್ ತಗೊಂಡು ಹಂಚುವ ತಲೆಬಿಸಿ ಇವರದ್ದು. ಸರಿಯಾಗಿ ಮಾಡಿದ್ರೆ ಯಾರಿಗೂ ಗೊತ್ತೇ ಆಗುದಿಲ್ಲ.

ಮಾವನಿಗೆ ಸೇನಾ ಮುಖ್ಯಸ್ಥರ ಕಮೆಂಡೇಶನ್ ಕಾರ್ಡ್, ಅಂದ್ರೆ ಮೆಚ್ಚುಗೆಯ ಗೌರವ, ಸಿಕ್ಕಿದ್ದು ಲಡಾಖ್‌ನ ಎರಡು ಚಳಿಗಾಲಕ್ಕೆ. ಜನವರಿ 15ರ ಸೇನಾ ದಿನದ ಲಿಸ್ಟಲ್ಲಿ ಹೆಸರು ಬಂದಿತ್ತು, 1949ರಲ್ಲಿ ನಮ್ಮ ಕೊಡಗಿನ ಕಾರ್ಯಪ್ಪನವರು ಸೇನೆಯ ಚಾರ್ಜ್ ತಗೊಂಡ ದಿನ ಅದು. ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆದಾರಿಯಲ್ಲಿ ಹಿಮ ಬಿದ್ದು ರೋಡ್ ಮುಚ್ಚಿದ್ರೆ ಶ್ರೀನಗರದಿಂದ ಲಾರಿ ಬರುದಿಲ್ಲ, ಮನಾಲಿ ಕಡೆಯದ್ದೂ ಅದೇ ಕಥೆ, ಹಾಗಾಗಿ ಬೇಸಿಗೆಯಲ್ಲೇ ಇಡೀ ಚಳಿಗಾಲದ್ದು ಮೇಲೆ ಹತ್ತಿಸಿ ಆಗ್ಬೇಕು, ರೋಡ್ ಇಲ್ಲದ ಕಾವಲು ಪೋಸ್ಟಿಗೆ ಹೇಸರಗತ್ತೆ, ಇಲ್ಲದಿದ್ರೆ ಪೋರ್ಟರ್, ಅದೂ ಆಗದಿದ್ರೆ ಹೆಲಿಕಾಪ್ಟರ್. ಅಲ್ಲಿ ಅಕ್ಕಿಯಷ್ಟೇ ಸೀಮೆಎಣ್ಣೆಯೂ ಮುಖ್ಯ ಅಂತೆ, ಕೋಣೆ ಬೆಚ್ಚಗಿಡುವ ಬುಖಾರಿ ಒಲೆ ಉರೀಬೇಕು, ಹಿಮ ಕರಗಿಸಿ ನೀರು ಮಾಡ್ಬೇಕು. ಕುಕ್ಕರ್ ಇಲ್ಲದೆ ಬೇಳೆ ಬೇಯುದಿಲ್ಲ, ಆ ಎತ್ತರದಲ್ಲಿ ನೀರು 90 ಡಿಗ್ರಿ ಮುಟ್ಟುವ ಮೊದಲೇ ಕುದೀತದೆ. (ಊರಿಂದ ಆಸೆಯಲ್ಲಿ ಕುಚ್ಚಲಕ್ಕಿ ತಗೊಂಡು ಹೋಗಿದ್ರು, ಆ ಕಥೆ ಬೇಡ ಬಿಡಿ.)

ಮೊದಲ ವರ್ಷ ಒಂದು ಜೆರಿಕ್ಯಾನಿನ ಮುಚ್ಚಳದ ರಬ್ಬರ್ ಸವೆದಿತ್ತು, ಏರು ದಾರಿಯಲ್ಲಿ ಕತ್ತೆ ಕುಲುಕಿ ಕುಲುಕಿ ಎಣ್ಣೆ ಪಕ್ಕದ ಹಿಟ್ಟಿನ ಚೀಲಕ್ಕೆ ಇಳೀತು, ಆ ಪೋಸ್ಟಿನವರು ವಾರಗಟ್ಟಲೆ ಸೀಮೆಎಣ್ಣೆ ವಾಸನೆಯ ರೊಟ್ಟಿ ತಿಂದ್ರು. ಅವತ್ತಿಂದ ಎಣ್ಣೆಯ ಕತ್ತೆ ಬೇರೆ, ಹಿಟ್ಟಿನ ಕತ್ತೆ ಬೇರೆ. ಒಂದೊಂದು ಕ್ಯಾನನ್ನೂ ಬೋರಲು ಹಾಕಿ, ಮುಚ್ಚಳದ ಸುತ್ತ ಹೆಬ್ಬೆರಳು ಎಳೆದು ಮೂಸಿ ನೋಡಿಯೇ ಮಾವ ಸೈನ್ ಹಾಕುದು. ಈಗ ಮನೆಯ ಗ್ಯಾಸ್ ಸಿಲಿಂಡರ್ ಬಂದಾಗಲೂ ಹಾಗೇ ಮೂಸ್ತಾರೆ, ಡೆಲಿವರಿಯ ಹುಡುಗ ಪಾಪ ನಿಂತು ನೋಡ್ತಾನೆ.

ಇದೆಲ್ಲ ಎಲ್ಲಿ ಕಲ್ತದ್ದು ಅಂತ ಕೇಳಿದ್ದಕ್ಕೆ “ಅಮ್ಮನ ಹತ್ರ” ಅಂದ್ರು. ನಮ್ಮ ಅಜ್ಜಿ. ಆಟಿ ತಿಂಗಳ ಮಳೆಗೆ ಹೊರಗೆ ಕಾಲಿಡ್ಲಿಕ್ಕಾಗುದಿಲ್ಲ, ಗದ್ದೆಯದ್ದು ಕೈಗೆ ಬಂದಿರುದಿಲ್ಲ, ಮೀನು ಇಲ್ಲ, ಅಜ್ಜಿ ಮೇ ತಿಂಗಳಲ್ಲೇ ಅಟ್ಟದಲ್ಲಿ ಅಕ್ಕಿಮುಡಿ, ಕೊಟ್ಟಿಗೆಯ ಬದಿಯಲ್ಲಿ ಒಣ ಕಟ್ಟಿಗೆ, ಭರಣಿಯಲ್ಲಿ ಉಪ್ಪು ಹಾಕಿದ ಹಲಸಿನ ಸೊಳೆ, ಮಾವಿನಕಾಯಿ, ಡಬ್ಬದಲ್ಲಿ ಹಪ್ಪಳ, ಒಣ ಸಿಗಡಿ ಎಲ್ಲ ಸೇರಿಸಿ ಆಗಿರ್ತಿತ್ತು. ಒಂದು ಹಪ್ಪಳ ಕದ್ರೂ ಗೊತ್ತಾಗ್ತಿತ್ತು, ಪೆಟ್ಟು ತಿಂದ ನನಗೆ ನೆನಪುಂಟು. ಲೆಡ್ಜರ್ ಇರಲಿಲ್ಲ ಅಷ್ಟೆ.

ಸನ್ಮಾನಕ್ಕೆ ಬರುವ. ಭಾಷಣದಲ್ಲಿ ಒಬ್ಬರು ಎಷ್ಟು ಜನ ಶತ್ರುಗಳನ್ನು ಹೊಡೆದದ್ದು ಅಂತ ಮೈಕಲ್ಲೇ ಕೇಳಿದ್ರು, ಮಾವ ನಗಾಡಿ ಸುಮ್ಮನಾದ್ರು. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಮತ್ತೆ ಊಟ. ಊಟದಲ್ಲಿ ಮಾವನ ಎಲೆಗೆ ಬರುವಾಗ ಪಾಯಸ ಖಾಲಿ. ಬಡಿಸುವ ಹುಡುಗ ಖಾಲಿ ಪಾತ್ರೆ ಹಿಡ್ಕೊಂಡು ತಲೆ ತುರಿಸಿದ, ಸಂಘದವರು ಅತ್ತಿತ್ತ ಓಡಿದ್ರು, ಅತ್ತೆಗೆ ಸಿಟ್ಟು ಬಂತು. ಮಾವ ಪೇಟ ತೆಗೆದು ಬದಿಗಿಟ್ಟು, ಎಲೆಯಿಂದ ಎದ್ದು ಸೀದಾ ಅಡುಗೆಯ ಹಿಂಬದಿಗೆ ಹೋಗಿ ಕೇಳಿದ್ದು, “ಎಷ್ಟು ಜನಕ್ಕೆ ಅಂತ ಹೇಳಿದ್ರು ನಿಮ್ಮಲ್ಲಿ?”