ಏಳನೇ ನಂಬರ್ ಐರನ್

"ಐರನ್ ತಗೊಂಡು ಬರ್ತೀನಿ" ಎಂದೆ. "ಮನೇಲಿರೋದು ಚೆನ್ನಾಗೇ ಬಿಸಿ ಆಗತ್ತಲ್ಲ, ಇನ್ನೊಂದ್ಯಾಕೆ?" ಎಂದಳು ಹೆಂಡತಿ. ಗಾಲ್ಫ್ ಆಡುವ ಕಬ್ಬಿಣದ ಕೋಲಿಗೂ ಐರನ್ ಅಂತಾರೆ ಎಂದು ಹೇಳಿ, ಬೆಲೆ ಮಾತ್ರ ಹೇಳದೆ ಹೊರಟೆ.

ಈ ಹುಚ್ಚು ಹಿಡಿದದ್ದು 2021ರ ಆಗಸ್ಟ್‌ನಲ್ಲಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ 4ನೇ ಸ್ಥಾನಕ್ಕೆ ಬಂದರು. ಬರ್ಡಿ, ಪಾರ್ ಏನೂ ತಿಳಿಯದೆ ಆ ಶನಿವಾರ ಬೆಳಿಗ್ಗೆ ಟಿವಿ ಮುಂದೆ ಕೂತಿದ್ದೆ. ಆಮೇಲೆ ಹೊಡೆತ ಅಭ್ಯಾಸ ಮಾಡುವ ಮೈದಾನಕ್ಕೆ, ಅಂದರೆ ಡ್ರೈವಿಂಗ್ ರೇಂಜ್‌ಗೆ ಹೋದೆ. ಬಕೆಟ್ ಲೆಕ್ಕದಲ್ಲಿ ಬಾಲ್ ಹೊಡೆದೆ. ಬಾಡಿಗೆ ಕೋಲು ಸಾಕಾಯಿತು, ನನ್ನದೇ ಒಂದು ಸೆಟ್ ಬೇಕೆನಿಸಿತು.

ಅಂಗಡಿಯಲ್ಲಿ ಕಣ್ಣಿಗೆ ಬಿದ್ದದ್ದು ಯಾರೋ ಬಳಸಿ ಮಾರಿದ ಒಂದು ಬ್ಲೇಡ್ ಸೆಟ್. ತೆಳ್ಳಗೆ, ಹಿಂಬದಿ ನುಣ್ಣಗೆ, ಒಳ್ಳೆ ಅಕ್ಕಸಾಲಿ ಕೈಕೆಲಸದ ಹಾಗಿತ್ತು. "ದೊಡ್ಡ ದೊಡ್ಡ ಆಟಗಾರರು ಹಿಡಿಯೋದು ಇದನ್ನೇ ಸರ್" ಎಂದ ಹುಡುಗ. ಅವನು ಸುಳ್ಳೇನೂ ಹೇಳಲಿಲ್ಲ. ನಾನು ದೊಡ್ಡ ಆಟಗಾರ ಅಲ್ಲ ಅನ್ನೋದು ಅವನಿಗೂ ನೆನಪಾಗಲಿಲ್ಲ, ನನಗೂ ನೆನಪಾಗಲಿಲ್ಲ. 18,000 ರೂಪಾಯಿ ಕೊಟ್ಟೆ.

ಮರುದಿನ ಬೆಳಿಗ್ಗೆ ಚಳಿ. ಮೊದಲ ಹೊಡೆತಕ್ಕೇ ಮೊಣಕೈವರೆಗೆ ಜುಂ ಎಂದಿತು. ಚಿಕ್ಕಂದಿನಲ್ಲಿ ಕಾರ್ಕ್ ಬಾಲ್ ಬ್ಯಾಟಿನ ತುದಿಗೆ ಬಡಿದಾಗ ಆಗುತ್ತಿತ್ತಲ್ಲ, ಅದೇ ನೋವು. ಹತ್ತರಲ್ಲಿ ಒಂದು ಬಾಲ್ ಸೊಗಸಾಗಿ ಹಾರುತ್ತಿತ್ತು. ಉಳಿದ ಒಂಬತ್ತು ನೆಲದ ಮೇಲೇ ಮೊಲದ ಹಾಗೆ ಓಡುತ್ತಿದ್ದವು.

ಪಕ್ಕದಲ್ಲಿ ಒಬ್ಬ ಹಳೇ ಕ್ಯಾಡಿ, ಆಟಗಾರರ ಕೋಲಿನ ಚೀಲ ಹೊರುವವರು, ನಿಂತು ನೋಡುತ್ತಿದ್ದರು. ಹತ್ತಿರ ಬಂದು 7 ಐರನ್ ಇಸಿದುಕೊಂಡರು. ಬಾಲಿಗೆ ತಗುಲುವ ಕೋಲಿನ ಮುಖದ ಮೇಲೆ ಬೆರಳಾಡಿಸಿ, "ಮೊದಲು ಆಡಿದವರು ನಡುವೇನೇ ಸವೆಸಿದಾರೆ ನೋಡಿ ಸರ್, ಕಾಸಿನಗಲ. ನಿಮ್ಮ ಬಾಲ್ ಗುರುತು ಮುಖ ಪೂರ್ತಿ ಇದೆ" ಎಂದರು. ಬೈಗುಳ ಇಷ್ಟು ನಯವಾಗಿರುವುದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಬ್ಲೇಡ್‌ನಲ್ಲಿ ತೂಕವೆಲ್ಲ ನಡುವಿನ ಹತ್ತಿರವೇ ಇರುತ್ತದೆ. ಸ್ವಲ್ಪ ಆಚೀಚೆ ತಗುಲಿದರೂ ಕೋಲಿನ ತಲೆ ತಿರುಚಿಕೊಳ್ಳುತ್ತದೆ. ಕ್ಯಾವಿಟಿ ಬ್ಯಾಕ್ ಅಂತ ಇನ್ನೊಂದು ಬಗೆಯ ಐರನ್ ಇದೆ. ಅದರಲ್ಲಿ ಬೆನ್ನು ಟೊಳ್ಳು, ತೂಕ ಅಂಚಿಗೆ. ಹಗ್ಗದ ಮೇಲೆ ನಡೆಯುವ ದೊಂಬರ ಹುಡುಗಿ ಉದ್ದ ಕೋಲು ಅಡ್ಡ ಹಿಡಿಯುತ್ತಾಳಲ್ಲ, ಅದೇ ಲೆಕ್ಕ. ತೂಕ ದೂರದಲ್ಲಿದ್ದರೆ ಬೇಗ ತಿರುಗುವುದಿಲ್ಲ. ಈ ಉಪಾಯವನ್ನು ಜನಪ್ರಿಯ ಮಾಡಿದವರು ಕಾರ್ಸ್ಟನ್ ಸೋಲ್ಹೈಮ್, ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಎಂಜಿನಿಯರ್. ಅವರೂ ನಡುವಯಸ್ಸಿನಲ್ಲಿ ಗಾಲ್ಫ್ ಹಿಡಿದವರೇ. ಪಟ್, ಅಂದರೆ ಬಾಲನ್ನು ಗುಳಿಗೆ ಉರುಳಿಸುವ ಹೊಡೆತ, ಸರಿಯಾಗಿ ಬೀಳಲಿಲ್ಲ ಅಂತ ಮನೆಯ ಗ್ಯಾರೇಜಿನಲ್ಲಿ ಅದಕ್ಕೆ ಬೇಕಾದ ಕೋಲನ್ನು, ಪಟರ್ ಅನ್ನು, ತಾವೇ ಮಾಡಿಕೊಂಡರು. ಪಿಂಗ್ ಕಂಪನಿ ಶುರುವಾದದ್ದು ಹಾಗೆ. ನಾನು ಕೋಲಿಗೆ ಬೈದೆ, ಅವರು ಕೋಲನ್ನೇ ಬದಲಿಸಿದರು.

ಆ ವಾರವೇ ಇನ್ನೊಂದು ಅಂಗಡಿಗೆ ಹೋದೆ. ಹೊಳೆಯುವ ಹೊಸ 7 ಐರನ್ ಕೊಟ್ಟರು. ಹೊಡೆದರೆ 135 ಗಜ ಎಂದಿತು, ದೂರ ತೋರಿಸುವ ಪರದೆ! ನನ್ನದು 120 ದಾಟಿದ್ದೇ ಇಲ್ಲ. ಕಾರ್ಡ್ ಕೈಗೆ ಬಂದೇಬಿಟ್ಟಿತ್ತು. ಸುಮ್ನೆ ಒಂದು ಮಾತು ಕೇಳಿದೆ, ಲಾಫ್ಟ್ ಎಷ್ಟು ಎಂದು. ಅಂದರೆ ಕೋಲಿನ ಮುಖ ಎಷ್ಟು ಹಿಂದಕ್ಕೆ ವಾಲಿದೆ ಅಂತ. ಅದು ಕಡಿಮೆ ಇದ್ದಷ್ಟೂ ಬಾಲ್ ದೂರ ಹೋಗುತ್ತದೆ, ಕೋಲಿನ ನಂಬರೂ ಚಿಕ್ಕದು. ಹೊಸದು 28 ಡಿಗ್ರಿ. ನನ್ನ ಬ್ಲೇಡ್ 34. ಹೆಚ್ಚುಕಮ್ಮಿ ಹಳೇ ಕಾಲದ 5 ಐರನ್‌ಗೆ 7 ಎಂದು ಬರೆದಿದ್ದಾರೆ ಅಷ್ಟೇ! ಮೋಸ ಅಂತ ಹೇಳಲಾರೆ. ಹೊಸ ವಿನ್ಯಾಸದಲ್ಲಿ ತೂಕ ಕೆಳಗೂ ಹಿಂದಕ್ಕೂ ಇರುವುದರಿಂದ ಲಾಫ್ಟ್ ಕಡಿಮೆಯಾದರೂ ಬಾಲ್ ಮೇಲೇಳುತ್ತದೆ. ಆದರೆ ಹತ್ತಿರದ ಹೊಡೆತಕ್ಕೆ ಬಳಸುವ, ಮುಖ ಹೆಚ್ಚು ವಾಲಿದ ಕೋಲುಗಳಿಗೆ ವೆಡ್ಜ್ ಅಂತಾರೆ. ಆ ಸೆಟ್ಟಿನ ಪಿಚಿಂಗ್ ವೆಡ್ಜ್ 43 ಡಿಗ್ರಿ, ನನ್ನ ಸ್ಯಾಂಡ್ ವೆಡ್ಜ್ 56. ನಡುವಿನ ಕಂದಕ ತುಂಬಲು ಇನ್ನೊಂದು ಕೋಲು ಕೊಳ್ಳಬೇಕು. ಕಾರ್ಡ್ ಜೇಬಿಗೆ ವಾಪಸ್.

ಕೊನೆಗೆ ಆ ಕ್ಯಾಡಿಯನ್ನೇ ಹಿಡಿದೆ. ಅವರು ಒಬ್ಬರಿಂದ ಹಳೇ ಕ್ಯಾವಿಟಿ ಬ್ಯಾಕ್ ಕೊಡಿಸಿದರು, 6ರಿಂದ ಪಿಚಿಂಗ್ ವೆಡ್ಜ್‌ವರೆಗೆ ಮಾತ್ರ. "4, 5 ಬೇಡ್ವಾ?" ಎಂದೆ. "ಹದಿನಾಲ್ಕು ಕೋಲಿಗಿಂತ ಜಾಸ್ತಿ ಇರಬಾರದು ಅಂತ ರೂಲು ಸರ್. ಕಡಿಮೆ ಇದ್ರೆ ಯಾರೂ ಕೇಳಲ್ಲ" ಎಂದರು. ಆಮೇಲೆ ಮಾರ್ಕರ್ ಪೆನ್ನಿನಿಂದ ಬಾಲಿನ ಮೇಲೆ ನೆಟ್ಟಗೆ ಒಂದು ಗೆರೆ ಎಳೆದು, ಗೆರೆ ಕೋಲಿನ ಕಡೆ ಇರುವ ಹಾಗೆ ಇಟ್ಟು ಹೊಡೆಯಲು ಹೇಳಿದರು. ಶಾಯಿ ಕೋಲಿನ ಮುಖಕ್ಕೆ ಅಂಟಿತು. ಗೆರೆಯ ಮೇಲ್ತುದಿ ಕೋಲಿನ ಮೂತಿಯ ಕಡೆ, ಅಂದರೆ ಹಿಡಿಕೆಯಿಂದ ದೂರದ ತುದಿಯ ಕಡೆ, ವಾಲಿತ್ತು. ನಾನು ಐದೂ ಕಾಲು ಅಡಿಯವನು, ನೆಲಕ್ಕಿಟ್ಟಾಗ ಕೋಲಿನ ದಂಡ ನನ್ನ ಎತ್ತರಕ್ಕೆ ಜಾಸ್ತಿ ನೆಟ್ಟಗೆ ನಿಲ್ಲುತ್ತಿತ್ತು. ಬಾಲ್ ಎಡಕ್ಕೆ ಹೋಗುತ್ತಿದ್ದುದಕ್ಕೆ ಅದೂ ಒಂದು ಕಾರಣ. ರಿಪೇರಿಯವರು 2 ಡಿಗ್ರಿ ಬಗ್ಗಿಸಿಕೊಟ್ಟರು. ಇದನ್ನು ಯಾವ ಪರದೆಯೂ ನನಗೆ ತೋರಿಸಿರಲಿಲ್ಲ.

ಬ್ಲೇಡ್ ಸೆಟ್ಟನ್ನು ಕೊಳ್ಳುವವರಿಲ್ಲ. ಅದರ 7 ಐರನ್ ತುಮಕೂರಿನ ಮನೆಯ ಬಾಗಿಲ ಹಿಂದಿದೆ, ಮಂಗ ಓಡಿಸೋಕೆ. "ತೂಕ ಸರಿಯಾಗಿದೆ ಕಣೋ, ಕೈಗೆ ಚೆನ್ನಾಗಿ ಕೂರತ್ತೆ" ಅಂತಾರೆ ಅಮ್ಮ.